ಕುಕ್ಕರ್ ಕೂಗಿದರೆ ರಾಗಿ ಬಂದು ಹೇಳುತ್ತಾಳೆ: ಒಂದು ವರ್ಷದ ತರಬೇತಿಯ ಬಗ್ಗೆ

ಹೋದ ವರ್ಷ ಜನವರಿಯ ಒಂದು ಶನಿವಾರ. ಎಣ್ಣೆ ಸ್ನಾನ ಮಾಡಿ ಬಂದಿದ್ದೆ. ತಲೆಗೂದಲು ಇನ್ನೂ ಒದ್ದೆ ಇತ್ತು, ಅದಕ್ಕೇ ಕಿವಿಯ ಮಿಷನ್ ಹಾಕಿಕೊಂಡಿರಲಿಲ್ಲ. ಒಲೆಯ ಮೇಲೆ ಕುಕ್ಕರಿನಲ್ಲಿ ಬೇಳೆ ಇಟ್ಟು ಹಾಲಿನಲ್ಲಿ ಪೇಪರ್ ಹಿಡಿದು ಕೂತೆ. ಸೀದ ವಾಸನೆ ಮೂಗಿಗೆ ಬಂದಾಗ ಎದ್ದು ಓಡಿದೆ. ಅಷ್ಟರಲ್ಲಿ ನೀರೆಲ್ಲ ಆರಿ ಬೇಳೆ ತಳ ಹಿಡಿದಿತ್ತು, ಸೇಫ್ಟಿ ವಾಲ್ವ್ ಕರಗಿಹೋಗಿತ್ತು, ಅಡುಗೆಮನೆ ತುಂಬ ಹೊಗೆ. ಗ್ಯಾಸ್ ಆರಿಸಿ, ಕಿಟಕಿ ತೆಗೆದು, ನಾಯಿ ಎಲ್ಲಿ ಅಂತ ಹುಡುಕಿದೆ. ರಾಗಿ ಮಂಚದ ಕೆಳಗೆ ಗೋಡೆಗೆ ಒತ್ತಿಕೊಂಡು ನಡುಗುತ್ತಾ ಕೂತಿದ್ದಳು.

ಆ ಕುಕ್ಕರ್ ಎಷ್ಟು ಸಲ ಕೂಗಿತ್ತೋ ನನಗೆ ಗೊತ್ತಿಲ್ಲ. ರಾಗಿಗೆ ಗೊತ್ತಿತ್ತು. ಆದರೆ ಬಂದು ಹೇಳಲಿಲ್ಲ. ಹೇಳಬಾರದು ಅಂತ ಅವಳಿಗೆ ಕಲಿಸಿದ್ದು ನಾವೇ.

ಒಂದು ವರ್ಷದಿಂದ ನಮ್ಮ ಮನೆಗೆ ಬಂದು ರಾಗಿಗೆ, ನನಗೆ, ಇಬ್ಬರಿಗೂ ಪಾಠ ಹೇಳಿದ ಒಬ್ಬ ತರಬೇತುದಾರರ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹಾಕಿಲ್ಲ. ಅವರು ಒಬ್ಬರೇ ಕೆಲಸ ಮಾಡುವವರು, ಒಂದು ಹೊತ್ತಿಗೆ ಐದಾರು ಮನೆಗಿಂತ ಜಾಸ್ತಿ ಒಪ್ಪಿಕೊಳ್ಳುವುದಿಲ್ಲ. ಹೆಸರು ಬರೆಯಬೇಡಿ ಅಂತ ಕೇಳಿಕೊಂಡರು. ನಿಮ್ಮ ಊರಿನಲ್ಲಿ ಇಂಥವರನ್ನು ಹುಡುಕುವಾಗ ಏನು ನೋಡಬೇಕು, ಏನು ಕೇಳಬೇಕು ಅನ್ನುವುದಕ್ಕಾದರೂ ಇದು ಬೇಕಾಗಬಹುದು ಅಂತ ವಿವರವಾಗಿ ಬರೆಯುತ್ತೇನೆ.

ಮೊದಲು ನನ್ನ ವಿಷಯ. ನಾನು ಮೈಸೂರಿನವಳು, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ, ಈಗ ನಿವೃತ್ತಿ. ನನಗೆ 61 ವರ್ಷ. ಕಿವಿ ಹತ್ತು ವರ್ಷದಿಂದ ನಿಧಾನವಾಗಿ ಮಂದವಾಗುತ್ತಾ ಬಂತು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದಾಗ ಗ್ರಾಫ್ ತೋರಿಸಿ ವಿವರಿಸಿದರು. ತೆಳ್ಳಗಿನ, ಚೂಪಾದ ಸದ್ದುಗಳು ಮೊದಲು ಹೋಗುತ್ತವೆ. ಗಂಡಸರ ದಪ್ಪ ದನಿ ಕೇಳಿಸುತ್ತದೆ, ಮಕ್ಕಳ ಮಾತು ಕೇಳಿಸುವುದಿಲ್ಲ. ಸಾರು ಅಂದರೆ ನನಗೆ ಆರು ಅಂತ ಕೇಳುತ್ತದೆ. ಕುಕ್ಕರಿನ ಕೂಗು, ಬಾಗಿಲ ಬೆಲ್ಲು, ಫೋನಿನ ರಿಂಗು ಎಲ್ಲ ಆ ಚೂಪಾದ ಸದ್ದಿನ ಗುಂಪಿಗೇ ಸೇರಿದ್ದು. ಮಿಷನ್ ಹಾಕಿಕೊಂಡಾಗ ಪರವಾಗಿಲ್ಲ. ಆದರೆ ದಿನವಿಡೀ ಹಾಕಿಕೊಂಡರೆ ತಲೆ ಸಿಡಿಯುತ್ತದೆ. ಸ್ನಾನದಲ್ಲಿ ಇಲ್ಲ, ರಾತ್ರಿ ಇಲ್ಲ, ಮಧ್ಯಾಹ್ನ ಮಲಗಿದಾಗ ಇಲ್ಲ. ಮನೆಯವರು ತೀರಿಕೊಂಡು ಆರು ವರ್ಷ ಆಯಿತು. ಮಗಳು ಪುಣೆಯಲ್ಲಿದ್ದಾಳೆ. ಮನೆಯಲ್ಲಿ ನಾನು ಮತ್ತು ರಾಗಿ.

ರಾಗಿ ನಮ್ಮ ಬೀದಿಯ ನಾಯಿ. ಹುರಿದ ರಾಗಿಯ ಬಣ್ಣ, ಎಡಗಿವಿಯ ತುದಿಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಅನ್ನುವ ಕತ್ತರಿ ಗುರುತು. ಒಂದು ಮಳೆಗಾಲ ಗೇಟಿನ ಒಳಗೆ ಬಂದು ಕೂತವಳು ಹೊರಗೆ ಹೋಗಲೇ ಇಲ್ಲ. ಯಾರೂ ಕಲಿಸದೆ ಅವಳು ಒಂದು ಕೆಲಸ ಮಾಡುತ್ತಿದ್ದಳು. ಬೆಲ್ ಆದರೆ ಬೊಗಳುತ್ತಾ ಬಾಗಿಲಿಗೆ ಓಡುವುದು, ನಾನು ಏಳದಿದ್ದರೆ ತಿರುಗಿ ನನ್ನ ಹತ್ತಿರ ಬರುವುದು, ಮತ್ತೆ ಬಾಗಿಲಿಗೆ ಓಡುವುದು. ಗ್ಯಾಸ್ ಸಿಲಿಂಡರಿನವನು ಬಂದದ್ದು, ಪೋಸ್ಟ್‌ಮ್ಯಾನ್ ಬಂದದ್ದು ನನಗೆ ಗೊತ್ತಾಗುತ್ತಿದ್ದದ್ದೇ ಹಾಗೆ. ಅದರ ಬೆಲೆ ಆಗ ನನಗೆ ತಿಳಿಯಲಿಲ್ಲ.

ಅಕ್ಕಪಕ್ಕದವರು ಬೊಗಳುವಿಕೆ ಜಾಸ್ತಿ ಆಯಿತು ಅಂದರು. ಹಾಗಾಗಿ ಆ ಜನವರಿಗೂ ಹಿಂದಿನ ಜೂನಿನಲ್ಲಿ ಬೇರೊಬ್ಬ ತರಬೇತುದಾರರನ್ನು ಕರೆಸಿದ್ದೆ. 30 ದಿನದಲ್ಲಿ ಪೂರ್ತಿ ಶಿಸ್ತು ಕಲಿಸುತ್ತೇನೆ ಅಂದರು. 15,000 ರೂಪಾಯಿ ಮುಂಗಡ ತೆಗೆದುಕೊಂಡರು. ಕುತ್ತಿಗೆಗೆ ಚೋಕ್ ಚೈನ್, ಅಂದರೆ ಜಗ್ಗಿದರೆ ಬಿಗಿಯುವ ಸರಪಳಿ, ಹಾಕಿದರು. ಅವರ ಹುಡುಗ ಹೊರಗಿನಿಂದ ಬೆಲ್ ಒತ್ತುವುದು, ರಾಗಿ ಬೊಗಳಿದ ತಕ್ಷಣ ಇವರು ಚೈನ್ ಜಗ್ಗುವುದು. ಮೊದಲ ದಿನ ಅವಳು ಕಿರುಚಿದಳು. ನಾಲ್ಕನೆಯ ದಿನಕ್ಕೆ ಬೊಗಳುವುದು ಕಡಿಮೆ ಆಯಿತು. ಹನ್ನೆರಡನೆಯ ದಿನ ಬೆಲ್ ಆದರೆ ಬಾಲ ಒಳಗೆ ಸೇರಿಸಿಕೊಂಡು ಮಂಚದ ಕೆಳಗೆ ಹೋದಳು. ನೋಡಿ, ಕಲಿತಳು ಅಂದರು ಅವರು. ನಾನೂ ಹೌದು ಅಂದುಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಹೆದರಿ ಸುಮ್ಮನೆ ಕೂತ ಮಗುವಿಗೂ ಪಾಠ ತಿಳಿದು ಸುಮ್ಮನಿರುವ ಮಗುವಿಗೂ ವ್ಯತ್ಯಾಸ ಗೊತ್ತಿದ್ದವಳು. ಆ ಹೊತ್ತಿನಲ್ಲಿ ನೋಡದೇ ಹೋದೆ ಅನ್ನುವ ನೋವು ಈಗಲೂ ಇದೆ.

ಕುಕ್ಕರ್ ಸುಟ್ಟ ಮೇಲೆ ಮಗಳೇ ಹುಡುಕಿದಳು. ಕಿವಿ ಕೇಳದವರಿಗೆ ಸದ್ದು ತಿಳಿಸುವ ನಾಯಿಗಳು ಬೇರೆ ದೇಶಗಳಲ್ಲಿ ಎಷ್ಟೋ ಕಾಲದಿಂದ ಇವೆ. ಬ್ರಿಟನ್ನಿನಲ್ಲಿ 1982ರಿಂದ ಅದಕ್ಕೇ ಒಂದು ಸಂಸ್ಥೆ ನಡೆಯುತ್ತಿದೆ. ಸದ್ದು ಬಂದರೆ ನಾಯಿ ಬಂದು ಮೂಗು ಅಥವಾ ಕಾಲಿನಿಂದ ಮುಟ್ಟುತ್ತದೆ, ಆಮೇಲೆ ಸದ್ದು ಎಲ್ಲಿಂದ ಬಂತೋ ಅಲ್ಲಿಗೆ ಕರೆದುಕೊಂಡು ಹೋಗುತ್ತದೆ. ಬೊಗಳುವ ಅಗತ್ಯವೇ ಇಲ್ಲ. "ಅಮ್ಮ, ರಾಗಿ ಮಾಡ್ತಿದ್ದದ್ದು ಇದನ್ನೇ ಅಲ್ವಾ?" ಅಂತ ಮಗಳು ವಿಡಿಯೋ ಕಳಿಸಿದಳು. ಅದನ್ನು ನೋಡುತ್ತಾ ಕಣ್ಣು ತುಂಬಿ ಬಂತು.

ಈ ಎರಡನೆಯ ತರಬೇತುದಾರರು ಸಿಕ್ಕಿದ್ದು ನಮ್ಮ ನಾಯಿ ಡಾಕ್ಟರ ಮೂಲಕ. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಫೆಬ್ರವರಿಯಲ್ಲಿ ಮೊದಲ ಸಲ ಬಂದಾಗ ಒಂದೂವರೆ ಗಂಟೆ ಇದ್ದರು. ರಾಗಿಯನ್ನು ಮುಟ್ಟಲೂ ಇಲ್ಲ, ಕರೆಯಲೂ ಇಲ್ಲ. ನೆಲದ ಮೇಲೆ ಗೋಡೆಗೆ ಒರಗಿ ಪಕ್ಕಕ್ಕೆ ತಿರುಗಿ ಕೂತರು, ಆಗಾಗ ಒಂದು ಪನ್ನೀರ್ ಚೂರನ್ನು ದೂರಕ್ಕೆ ಎಸೆಯುತ್ತಿದ್ದರು, ಅಷ್ಟೇ. ಇದಕ್ಕೆ 1,200 ರೂಪಾಯಿ ಕೊಡಬೇಕಾ ಅಂತ ನನಗೆ ಅನ್ನಿಸಿದ್ದು ನಿಜ. ಹೋಗುವ ಮುಂಚೆ ಅವರು ಮಾಡಿದ ಒಂದೇ ಕೆಲಸ, ಚೋಕ್ ಚೈನ್ ಬಿಚ್ಚಿ ನನ್ನ ಕೈಗೆ ಕೊಟ್ಟದ್ದು. "ಟೀಚರ್, ಇದನ್ನು ಅವಳ ಕಣ್ಣಿಗೆ ಬೀಳದ ಕಡೆ ಇಡಿ" ಅಂದರು. ಬದಲಿಗೆ ಎದೆಯ ಮೇಲೆ ವೈ ಅಕ್ಷರದ ಹಾಗೆ ಬರುವ ಬಟ್ಟೆಯ ಹಾರ್ನೆಸ್ ಮತ್ತು ಹತ್ತಡಿ ಉದ್ದದ ಹತ್ತಿಯ ಹಗ್ಗ ಬಂತು. ಭುಜ ಆಡುವುದಕ್ಕೆ ಅಡ್ಡಿ ಇಲ್ಲ, ಕುತ್ತಿಗೆಗೆ ಒತ್ತಡ ಇಲ್ಲ.

ರಾಗಿ ಈ ಕೆಲಸಕ್ಕೆ ಆಗುತ್ತಾಳೋ ಇಲ್ಲವೋ ಈಗಲೇ ಹೇಳುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದರು. ಎಲ್ಲ ನಾಯಿಗಳೂ ಇದಕ್ಕೆ ಸರಿಹೋಗುವುದಿಲ್ಲ, ಸರಿಹೋಗದಿದ್ದರೆ ಅದು ನಾಯಿಯ ತಪ್ಪಲ್ಲ. ಸದ್ದಿಗೆ ಬೆಚ್ಚಿದರೂ ಎಷ್ಟು ಬೇಗ ಸುಧಾರಿಸಿಕೊಂಡು ಏನದು ಅಂತ ನೋಡಲು ಬರುತ್ತಾಳೆ ಅನ್ನುವುದನ್ನು ನೋಡಬೇಕು ಅಂದರು. ಆರು ವಾರ ಸಮಯ ಕೇಳಿದರು. ಯಾರಾದರೂ ಮೊದಲ ದಿನವೇ ಗ್ಯಾರಂಟಿ ಕೊಟ್ಟರೆ ನೀವು ಅನುಮಾನಪಡಿ.

ಆ ಆರು ವಾರ ಸದ್ದು ಬಂದರೆ ತಿಳಿಸುವ ಪಾಠವೇ ಇರಲಿಲ್ಲ. ಕೆಟ್ಟದ್ದನ್ನು ಸರಿ ಮಾಡುವ ಕೆಲಸ. ಬೆಲ್ಲಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಪಕ್ಕದ ಕೋಣೆಯಲ್ಲಿ ಅತಿ ಕಡಿಮೆ ದನಿಯಲ್ಲಿ ಹಾಕುತ್ತಿದ್ದರು. ರಾಗಿಯ ಕಿವಿ ಒಂಚೂರು ತಿರುಗಿದರೆ ಸಾಕು, ಪನ್ನೀರ್ ಚೂರು. ಮತ್ತೆ ಸದ್ದು, ಮತ್ತೆ ಪನ್ನೀರ್. ಹರ್ಟ್ಸ್ ಲೆಕ್ಕ ಜಾಸ್ತಿಯಾದಷ್ಟೂ ಸದ್ದು ಚೂಪು. ನಾಯಿಗೆ 45,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ, ಒಳ್ಳೆ ಕಿವಿಯ ಮನುಷ್ಯರಿಗೆ 20,000 ಅಷ್ಟೇ. ಚೂಪಾದ ಸದ್ದಿನಲ್ಲಿ ನಮಗೆ ಸಣ್ಣದು ಅನ್ನಿಸಿದ್ದು ಅವಳಿಗೆ ಸಣ್ಣದಲ್ಲ. ಅವಳು ತುಟಿ ನೆಕ್ಕಿಕೊಂಡರೆ, ನಿದ್ದೆ ಇಲ್ಲದೆಯೂ ಆಕಳಿಸಿದರೆ, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣಿಸಿದರೆ ಅಲ್ಲಿಗೆ ನಿಲ್ಲಿಸುವುದು. ಈ ಗುರುತುಗಳನ್ನು ನನಗೆ ಕಲಿಸಿದ್ದೇ ಅವರು ಮಾಡಿದ ದೊಡ್ಡ ಉಪಕಾರ. ಅಲ್ಲಿಯವರೆಗೆ ಆಕಳಿಕೆಯನ್ನು ಆಕಳಿಕೆ ಅಂತಲೇ ತಿಳಿದಿದ್ದೆ.

ಸದ್ದಿನ ಹಿಂದೆ ಊಟ ಬರುತ್ತದೆ ಅಂತ ಅಭ್ಯಾಸವಾದರೆ ನಾಯಿ ಬರೀ ಸದ್ದಿಗೇ ಜೊಲ್ಲು ಸುರಿಸುತ್ತದೆ ಅನ್ನುವ ಪಾವ್ಲೋವನ ನಾಯಿಯ ಪಾಠವನ್ನು ನಾನು ವರ್ಷಾನುಗಟ್ಟಲೆ ಮಾಡಿದ್ದೇನೆ. 1904ರಲ್ಲಿ ಅವನಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ ಅಂತ ಮಕ್ಕಳಿಗೆ ಒತ್ತಿ ಹೇಳುತ್ತಿದ್ದೆ, ಪರೀಕ್ಷೆಗೆ ಬರುತ್ತದೆ ಅಂತ. ಅದೇ ಪಾಠ ನನ್ನ ಹಾಲಿನಲ್ಲಿ, ನನ್ನ ನಾಯಿಯ ಭಯ ಕಳೆಯಲು, ಕಣ್ಣೆದುರೇ ನಡೆಯುವುದನ್ನು ನೋಡಿದೆ. ಆರನೆಯ ವಾರ ನಿಜವಾದ ಬೆಲ್ಲನ್ನು ಒತ್ತಿದಾಗ ರಾಗಿ ಮಂಚದ ಕಡೆ ನೋಡಲಿಲ್ಲ. ತಲೆಯೆತ್ತಿ ಪನ್ನೀರ್ ಡಬ್ಬಿ ನೋಡಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆಮೇಲಿನ ಪಾಠ ಹೀಗೆ. ಮೊದಲು ನಾಯಿಗೆ ಸರಿ ಅಂತ ತಿಳಿಸುವ ಒಂದು ಗುರುತು ಬೇಕು. ಸಾಮಾನ್ಯವಾಗಿ ಕ್ಲಿಕ್ಕರ್ ಅನ್ನುವ ಪುಟ್ಟ ಡಬ್ಬಿ ಬಳಸುತ್ತಾರೆ, ಒತ್ತಿದರೆ ಟಿಕ್ ಅನ್ನುತ್ತದೆ. ಆ ಟಿಕ್ ಆದ ಮೇಲೆ ತಿಂಡಿ ಬಂದೇ ಬರುತ್ತದೆ ಅನ್ನುವುದು ನಾಯಿಗೆ ಖಾತ್ರಿಯಾಗಿರಬೇಕು. ರಾಗಿಗೆ ಆ ಸದ್ದೂ ಜೋರಾಯಿತು. ಅದಕ್ಕೆ ಬಾಲ್‌ಪೆನ್ನಿನ ಹಿಂಬದಿ ಒತ್ತಿ ಶುರು ಮಾಡಿದೆವು. ನನಗೆ ಆ ಟಿಕ್ ಕೇಳಿಸುವುದಿಲ್ಲ. ಆದರೆ ಬೆರಳಿಗೆ ಗೊತ್ತಾಗುತ್ತದೆ. ನನಗೆ ಬೆರಳಲ್ಲಿ, ಅವಳಿಗೆ ಕಿವಿಯಲ್ಲಿ, ಇಬ್ಬರಿಗೂ ಒಂದೇ ಕ್ಷಣಕ್ಕೆ.

ಎರಡನೆಯದು ಅಂಗೈಗೆ ಮೂಗು ತಾಗಿಸುವುದು. ಅಂಗೈ ಚಾಚಿದರೆ ನಾಯಿ ಕುತೂಹಲಕ್ಕೇ ಬಂದು ಮೂಸುತ್ತದೆ. ತಾಗಿತು, ಟಿಕ್, ಪನ್ನೀರ್. ಎರಡು ದಿನದಲ್ಲಿ ಕಲಿತಳು. ಆಮೇಲೆ ಅಂಗೈಯನ್ನು ನನ್ನ ಮೊಣಕಾಲಿನ ಮೇಲೆ ಇಟ್ಟು, ನಿಧಾನವಾಗಿ ಅಂಗೈ ತೆಗೆದು, ಮೊಣಕಾಲಿಗೇ ತಾಗಿಸುವ ಹಾಗೆ ಮಾಡಿದೆವು. ಕೂತಾಗ, ನಿಂತಾಗ, ತರಕಾರಿ ಹೆಚ್ಚುವಾಗ, ಮಲಗಿದಾಗ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕಲಿಸಬೇಕು. ಹಾಲಿನಲ್ಲಿ ಕಲಿತದ್ದು ಅಡುಗೆಮನೆಯಲ್ಲಿ ತಾನಾಗಿ ಬರುವುದಿಲ್ಲ.

ಮೂರನೆಯದು ಸದ್ದನ್ನು ಇದಕ್ಕೆ ಜೋಡಿಸುವುದು. ಇಲ್ಲಿ ಅವರು ಒಂದು ನಿಯಮ ಹೇಳಿದರು, ನನಗೆ ತುಂಬ ಹಿಡಿಸಿತು: ಹೊಸ ಸೂಚನೆ ಮೊದಲು, ಹಳೆಯದು ಆಮೇಲೆ. ಬೆಲ್ ಆಗಲಿ, ಒಂದು ಕ್ಷಣ ಬಿಟ್ಟು ಅಂಗೈ ಚಾಚಿ. ಹೀಗೇ ಹತ್ತಾರು ಸಲ. ಒಂದು ದಿನ ಅಂಗೈ ಚಾಚುವ ಮುಂಚೆಯೇ ಮೂಗು ಬಂದು ತಾಗುತ್ತದೆ. ಎರಡೂ ಒಟ್ಟಿಗೆ ಕೊಟ್ಟರೆ ನಾಯಿ ಹಳೆಯದನ್ನೇ ನೋಡುತ್ತಿರುತ್ತದೆ, ಹೊಸದನ್ನು ಕಲಿಯುವುದಿಲ್ಲ. ಆಮೇಲೆ ನಾನು ಎರಡು ಕೈ ತಿರುಗಿಸಿ 'ಎಲ್ಲಿ?' ಅಂತ ಸನ್ನೆ ಮಾಡಿದರೆ ಅವಳು ಸದ್ದಿನ ಕಡೆ ನಡೆಯಬೇಕು. ಬಾಗಿಲು, ಫೋನು, ಕುಕ್ಕರು. ಒಂದು ಗಟ್ಟಿಯಾಗುವವರೆಗೆ ಇನ್ನೊಂದನ್ನು ಮುಟ್ಟುವಂತಿಲ್ಲ. ಒಂದು ಪಾಠ ಅಂದರೆ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ಸಲ.

ಇನ್ನೊಂದು ಪ್ರಶ್ನೆ ಬಂತು. ಸದ್ದು ಕೇಳಿಸದ ನಾನು ಒಬ್ಬಳೇ ಸದ್ದಿನ ಅಭ್ಯಾಸ ಮಾಡಿಸುವುದು ಹೇಗೆ? ಸದ್ದು ಆಯಿತೋ ಇಲ್ಲವೋ ನನಗೇ ಗೊತ್ತಾಗದಿದ್ದರೆ ಟಿಕ್ ಯಾವಾಗ ಒತ್ತಲಿ? ಇದಕ್ಕೆ ಅವರು ಸಿದ್ಧ ಉತ್ತರ ತಂದಿರಲಿಲ್ಲ, ಇಬ್ಬರೂ ಕೂತು ಯೋಚಿಸಿದೆವು. ಸದ್ದಿನ ಜೊತೆ ದೀಪವೂ ಮಿನುಗುವ ವೈರ್‌ಲೆಸ್ ಬೆಲ್ ತರಿಸಿದೆವು. ಫೋನನ್ನು ರಿಂಗಿನ ಜೊತೆ ನಡುಗುವ ಹಾಗೆ ಮಾಡಿ ಸೆರಗಿನಲ್ಲಿ ಸಿಕ್ಕಿಸಿಕೊಂಡೆ. ಕುಕ್ಕರಿಗೆ ಏನೂ ಬೇಡ, ವೆಯ್ಟ್ ಏಳುವುದು ಕಣ್ಣಿಗೇ ಕಾಣುತ್ತದೆ. ಪಕ್ಕದ ಮನೆಯ ಎಂಟನೆಯ ಕ್ಲಾಸಿನ ಹುಡುಗ ಸಂಜೆ ಆಟಕ್ಕೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಬೆಲ್ ಒತ್ತಿ ಹೋಗುತ್ತಿದ್ದ. "ಅಜ್ಜಿ, ಇವತ್ತು ಬಂದ್ಲಾ?" ಅಂತ ನನ್ನ ಎದುರು ನಿಂತು, ತುಟಿ ಕಾಣುವ ಹಾಗೆ ಕೇಳುತ್ತಿದ್ದ. ಅವನ ಪಾಲು ಈ ಕೆಲಸದಲ್ಲಿ ದೊಡ್ಡದು.

ತಿಂಡಿಯ ವಿಷಯದಲ್ಲಿ ನನಗೆ ಅಂಜಿಕೆ ಇತ್ತು. ನಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ಬರುವುದಿಲ್ಲ. ಕೋಳಿ ಇಲ್ಲದೆ ಆಗುವುದಿಲ್ಲ ಅಂತ ಹೇಳುತ್ತಾರೇನೋ ಅಂದುಕೊಂಡಿದ್ದೆ. ಅವರು ಒಂದು ತಟ್ಟೆಯಲ್ಲಿ ಪನ್ನೀರ್, ಬೇಯಿಸಿದ ಗೆಣಸು, ಕ್ಯಾರೆಟ್, ಹಸಿ ಕೊಬ್ಬರಿ ಚೂರುಗಳನ್ನು ಇಡಿಸಿ, ರಾಗಿ ಯಾವುದನ್ನು ಮೊದಲು ತೆಗೆಯುತ್ತಾಳೆ ಅಂತ ನೋಡಿದರು. ಪನ್ನೀರ್ ಮೊದಲು, ಕೊಬ್ಬರಿ ಎರಡನೆಯದು. ಬಟಾಣಿಗಿಂತ ಚಿಕ್ಕ ಚೂರು ಸಾಕು, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ ಅಂದರು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಮಾತ್ರ ಮನೆಯಲ್ಲಿ ಅವಳ ಬಾಯಿಗೆ ಎಟುಕಬಾರದು. ಪಾಯಸ ಮಾಡಿದ ದಿನ ಈಗಲೂ ಎಚ್ಚರ ಇರುತ್ತೇನೆ.

ಪಾಠ ಮಾಡುವಾಗ ರಾಗಿ ಎದ್ದು ಹೋದರೆ ಯಾರೂ ಕರೆಯಬಾರದು. ಇದು ಅವರ ಖಡಾಖಂಡಿತ ನಿಯಮ. ನನಗೆ ಮೊದಲು ಒಪ್ಪಿಗೆ ಆಗಲಿಲ್ಲ. ಬೇಡ ಅನ್ನಿಸಿದಾಗ ಎದ್ದು ಹೋಗುವ ನಾಯಿ ಬೇಕಾದಾಗ ಬರುತ್ತದಾ ಅಂತ ಕೇಳಿದೆ. ಅದಕ್ಕೆ ಅವರು ಕುರುಡರಿಗೆ ದಾರಿ ತೋರಿಸುವ ನಾಯಿಗಳ ಮಾತು ತೆಗೆದರು. ಅಮೆರಿಕದಲ್ಲಿ 1929ರಲ್ಲಿ ಶುರುವಾದ ದಿ ಸೀಯಿಂಗ್ ಐ ಶಾಲೆಯ ನಾಯಿಗಳಿಗೆ ಕಲಿಸುವ ಮುಖ್ಯ ಪಾಠಗಳಲ್ಲಿ ಒಂದು, ಒಡೆಯನ ಮಾತನ್ನು ಮೀರುವುದು. ಒಡೆಯ ಮುಂದೆ ನಡಿ ಅನ್ನುತ್ತಾನೆ, ಎದುರಿಗೆ ಕಾರು ಬರುತ್ತಿದೆ, ನಾಯಿ ನಿಂತುಬಿಡಬೇಕು. ತನಗೆ ಗೊತ್ತಿರುವುದನ್ನು ನಂಬಿ ನಿಲ್ಲುವ ಧೈರ್ಯ ಅದಕ್ಕೆ ಇರಬೇಕು. "ನಿಮ್ಮ ರಾಗಿಯೂ ಹಾಗೇ ಟೀಚರ್. ನಿಮಗೆ ಕೇಳಿಸದ್ದನ್ನು ಅವಳು ಹೇಳಬೇಕು. ಆ ಹೊತ್ತಿನಲ್ಲಿ ನೀವು ಮಲಗಿರಬಹುದು, ಸಿಡುಕಿನಲ್ಲಿರಬಹುದು, ಹೋಗೇ ಅನ್ನಬಹುದು. ಆದರೂ ಬರಬೇಕು. ಪೆಟ್ಟು ತಿಂದ ನಾಯಿ ಬರುತ್ತದಾ?"

ನನಗೆ ಎಲ್ಲವೂ ತಿಳಿದುಹೋಯಿತು. ಹೊಡೆದು ಕಲಿಸಿದ ನಾಯಿ ಹೇಳಿದ್ದನ್ನು ಮಾಡಬಹುದು. ಹೇಳದೇ ಇದ್ದದ್ದನ್ನು ಬಂದು ತಿಳಿಸುವುದಿಲ್ಲ. ಅಂಥ ನಾಯಿಗೆ ಏನೂ ಮಾಡದೆ ಇರುವುದೇ ಎಲ್ಲಕ್ಕಿಂತ ಸುರಕ್ಷಿತ. ಕುಕ್ಕರ್ ಸುಟ್ಟ ದಿನ ರಾಗಿ ಮಾಡಿದ್ದು ಅದನ್ನೇ. ಅವಳು ಹನ್ನೆರಡು ದಿನದಲ್ಲಿ ಕಲಿತದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದಳು.

ಪೋರ್ಚುಗಲ್ಲಿನ ಪೋರ್ಟೊ ಊರಿನ ಕಡೆ ಮಾಡಿದ ಒಂದು ಅಧ್ಯಯನವನ್ನು ಮಗಳು ಕಳಿಸಿದಳು, 2020ರ ಕೊನೆಯಲ್ಲಿ ಪ್ರಕಟವಾದದ್ದು. ಬೇರೆ ಬೇರೆ ತರಬೇತಿ ಶಾಲೆಗಳ 92 ನಾಯಿಗಳು. ಕೆಲವು ಬರೀ ತಿಂಡಿ, ಆಟದಿಂದ ಕಲಿತವು, ಕೆಲವು ಜಗ್ಗು, ಗದರು, ಶಾಕ್ ಇರುವ ಕಡೆ ಕಲಿತವು. ತರಬೇತಿಯ ಮೇಲೆ ಎಂಜಲಿನಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನನ್ನು ಅಳೆದರು. ಗದರಿಸಿ ಕಲಿಸಿದವುಗಳಲ್ಲಿ ಜಾಸ್ತಿ ಏರಿತ್ತು. ತುಟಿ ನೆಕ್ಕುವುದು, ಆಕಳಿಸುವುದೂ ಜಾಸ್ತಿ. ನನ್ನ ಮನಸ್ಸಿನಲ್ಲಿ ಉಳಿದದ್ದು ಬಟ್ಟಲಿನ ಪರೀಕ್ಷೆ. ಒಂದು ಬದಿಯ ಬಟ್ಟಲಿನಲ್ಲಿ ತಿಂಡಿ ಇರುತ್ತದೆ, ಇನ್ನೊಂದು ಬದಿಯದರಲ್ಲಿ ಇರುವುದಿಲ್ಲ ಅಂತ ನಾಯಿಗೆ ಮೊದಲು ಕಲಿಸುತ್ತಾರೆ. ಆಮೇಲೆ ನಡುವೆ ಎಲ್ಲೋ ಬಟ್ಟಲು ಇಡುತ್ತಾರೆ. ಇದೆಯೋ ಇಲ್ಲವೋ ಗೊತ್ತಿಲ್ಲ. ಅತಿ ಕಠಿಣವಾಗಿ ಕಲಿಸಿದ ಶಾಲೆಯ ನಾಯಿಗಳು ಆ ನಡುವಿನ ಬಟ್ಟಲಿಗೆ ಹೋಗುವುದಕ್ಕೆ ನಿಧಾನ ಮಾಡಿದವು. ನನ್ನ ಮನೆಯ ಕುಕ್ಕರು, ಬೆಲ್ಲು ಎಲ್ಲ ರಾಗಿಗೆ ಆ ನಡುವಿನ ಬಟ್ಟಲುಗಳೇ ಅಲ್ವಾ? ಹೋಗಲೋ ಬೇಡವೋ ಅಂತ ಅನುಮಾನಿಸುವ ನಾಯಿ ನನಗೆ ಹೇಗೆ ನೆರವಾದೀತು?

ದೀಪಾವಳಿಗೆ ಮೂರು ವಾರ ಇದ್ದಾಗಲೇ ಎಲ್ಲ ಸದ್ದಿನ ಪಾಠ ನಿಲ್ಲಿಸಿದರು. ಪಟಾಕಿಯ ದಿನಗಳಲ್ಲಿ ನಡುಮನೆಯ ಕೋಣೆಗೆ ದಪ್ಪ ಪರದೆ, ನೆಲಕ್ಕೆ ಕಂಬಳಿ, ಫ್ಯಾನ್ ಜೋರಾಗಿ ಹಾಕಿ, ಅವಳ ಜೊತೆ ಕೂತಿರಿ ಅಂದರು. ಹೆದರಿದಾಗ ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವ ಮಾತು ನಂಬಬೇಡಿ, ತಬ್ಬಿಕೊಳ್ಳಬೇಕು ಅನ್ನಿಸಿದರೆ ಅವಳೇ ಬಂದು ಒರಗುತ್ತಾಳೆ, ಆಗ ತಬ್ಬಿಕೊಳ್ಳಿ ಅಂದರು. ಹಬ್ಬ ಮುಗಿದು ಹತ್ತು ದಿನದ ಮೇಲೆ ಮತ್ತೆ ಶುರು. ಎಂಟು ತಿಂಗಳ ಕೆಲಸ ಹಾಳಾಗಲಿಲ್ಲ.

ಇನ್ನು ಕೊರತೆಗಳು. ಇವನ್ನು ಅವರಿಗೂ ಹೇಳಿದ್ದೇನೆ.

ಮೊದಲ ತಿಂಗಳು ಅವರು ನಾಯಿಯನ್ನು ನೋಡುತ್ತಾ ನನ್ನ ಜೊತೆ ಮಾತಾಡುತ್ತಿದ್ದರು. ನಾನು ತುಟಿ ನೋಡಿ ಅರ್ಥ ಮಾಡಿಕೊಳ್ಳುವವಳು. ಮುಖ ತಿರುಗಿಸಿದರೆ ಅರ್ಧ ಮಾತು ಹೋಯಿತು. ನಾಯಿಯ ಕಿವಿ ತಿರುಗುವುದನ್ನು ಅಷ್ಟು ಸೂಕ್ಷ್ಮವಾಗಿ ನೋಡುವವರು ನನ್ನ ಮುಖದಲ್ಲಿನ ಗೊಂದಲ ನೋಡಲಿಲ್ಲ. ನಾಲ್ಕನೆಯ ಭೇಟಿಯಲ್ಲಿ ನೇರವಾಗಿ ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ, ಅವತ್ತಿನಿಂದ ಎದುರು ಕೂತು ಮಾತಾಡಿ, ಆಮೇಲೆ ನಾಯಿಯ ಕಡೆ ತಿರುಗುತ್ತಾರೆ. ಆದರೆ ಕಿವುಡರಿಗಾಗಿ ನಾಯಿ ತಯಾರು ಮಾಡುವವರಿಗೆ ಇದು ಮೊದಲ ದಿನವೇ ಗೊತ್ತಿರಬೇಕಿತ್ತು. ಹಾಗೆಯೇ ಅವರು ಕೊಟ್ಟ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ನಾನು ಓದಿಕೊಂಡೆ. ನಮ್ಮ ಕೆಲಸದ ಸುಶೀಲಮ್ಮನೂ ದಿನಕ್ಕೆ ಎರಡು ಗಂಟೆ ರಾಗಿಯ ಜೊತೆ ಇರುತ್ತಾಳೆ, ಅವಳಿಗೆ ಕನ್ನಡದಲ್ಲಿ ಬೇಕಿತ್ತು. ಕೊನೆಗೆ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಫ್ರಿಜ್ಜಿನ ಮೇಲೆ ಇಟ್ಟೆ.

ಎರಡು ಸಲ ಹಿಂದಿನ ರಾತ್ರಿ ಬರಲಾಗುವುದಿಲ್ಲ ಅಂತ ಮೆಸೇಜ್ ಮಾಡಿದರು. ಊರಿನ ಆ ತುದಿಯಿಂದ ಬರುತ್ತಾರೆ, ಮಳೆ ಇತ್ತು, ಸರಿ. ಆದರೆ ಬದಲಿ ದಿನ ಸಿಗಲು ಎರಡು ವಾರ ಆಯಿತು.

ಹೊಗೆಯ ಅಲಾರಮಿನ ಪಾಠ ಇನ್ನೂ ಮುಗಿದಿಲ್ಲ. ಅದಕ್ಕೆ ಬೇರೆ ಸೂಚನೆ ಬೇಕು. ಬೆಂಕಿಯ ಕಡೆಗೆ ನಾಯಿ ನನ್ನನ್ನು ಕರೆದುಕೊಂಡು ಹೋಗಬಾರದು, ಮುಟ್ಟಿ ಅಲ್ಲೇ ನೆಲಕ್ಕೆ ಮಲಗಬೇಕು. ಬ್ರಿಟನ್ನಿನಲ್ಲೂ ಹೀಗೇ ಕಲಿಸುತ್ತಾರೆ. ರಾಗಿ ಹತ್ತರಲ್ಲಿ ಆರು ಸಲ ಮಲಗುತ್ತಾಳೆ, ಉಳಿದ ಸಲ ಅಡುಗೆಮನೆಗೆ ಹೊರಡುತ್ತಾಳೆ. ಆ ನಾಲ್ಕು ಸಲ ನನಗೆ ಚಿಂತೆ. ಅಲ್ಲಿಯವರೆಗೆ ಹಾಸಿಗೆ ನಡುಗಿಸುವ ಅಲಾರಂ ಇಟ್ಟುಕೊಂಡಿದ್ದೇನೆ. ನಾಯಿ ಇದೆ ಅಂತ ಯಂತ್ರ ತೆಗೆಯಬೇಡಿ ಅಂತ ಅವರೇ ಒತ್ತಿ ಹೇಳಿದ್ದಾರೆ.

ಹೊರಗಡೆ ಕರೆದುಕೊಂಡು ಹೋಗುವ ತರಬೇತಿ ನಾನು ಕೇಳಲಿಲ್ಲ, ಅವರೂ ಮಾರಲಿಲ್ಲ. ಸರ್ವಿಸ್ ಡಾಗ್, ಅಂದರೆ ಅಂಗವಿಕಲರಿಗೆ ನೆರವಾಗುವ ನಾಯಿ, ಅಂತ ಬರೆದ ಜಾಕೆಟ್ಟು, ಸರ್ಟಿಫಿಕೇಟು ಆನ್‌ಲೈನಿನಲ್ಲಿ ಸಿಗುತ್ತದಲ್ಲ ಅಂದೆ. ದುಡ್ಡು ಹಾಕಬೇಡಿ ಅಂದರು. ಸರ್ವಿಸ್ ನಾಯಿಗಳಿಗೆ ಕಾನೂನಿನ ಹಕ್ಕು ಇರುವ ಅಮೆರಿಕದಲ್ಲೇ ಅಂಥ ಆನ್‌ಲೈನ್ ಸರ್ಟಿಫಿಕೇಟಿಗೆ ಬೆಲೆ ಇಲ್ಲ, ಅಲ್ಲಿ ನಾಯಿ ಏನು ಕೆಲಸ ಕಲಿತಿದೆ ಅಂತ ಕೇಳುತ್ತಾರೆ. ನನಗೆ ಬೇಕಿದ್ದದ್ದು ಮನೆಯೊಳಗಿನ ನೆರವು. ಅದು ಸಿಕ್ಕಿದೆ.

ಖರ್ಚು ಹೇಳುತ್ತೇನೆ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ಐದು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಒಟ್ಟು 26 ಭೇಟಿ, 31,200 ರೂಪಾಯಿ. ಪ್ರತಿ ಭೇಟಿಯ ಮೇಲೆ ಕೊಟ್ಟದ್ದು, ಮುಂಗಡ ಇಲ್ಲ. ನಡುವೆ ನಾನು ಕಳಿಸಿದ ವಿಡಿಯೋ ನೋಡಿ ಬರಹದಲ್ಲೇ ಉತ್ತರ ಕೊಡುತ್ತಿದ್ದರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಪಿಂಚಣಿಯಲ್ಲಿ ಇದು ಸಣ್ಣ ಮೊತ್ತವಲ್ಲ. ನಿಮಗೆ ಪೂರ್ತಿ ಖರ್ಚು ಕಷ್ಟ ಅನ್ನಿಸಿದರೆ ಬಾಗಿಲ ಬೆಲ್ಲು ಒಂದನ್ನಾದರೂ ಕಲಿಸಿಕೊಳ್ಳಿ.

ತರಬೇತಿ ಮುಗಿದ ಮೇಲೂ ಕೆಲಸ ಇರುತ್ತದೆ ಅನ್ನುವುದನ್ನು ಅವರು ಮೊದಲೇ ಹೇಳಿದ್ದರು. ಪನ್ನೀರ್ ನಿಲ್ಲಿಸುವಂತಿಲ್ಲ. ಈಗ ಪ್ರತಿ ಸಲ ಕೊಡುವುದಿಲ್ಲ, ಆದರೆ ಅದು ಅವಳ ಸಂಬಳ, ಅವಳು ಬದುಕಿರುವವರೆಗೂ ಸಿಗಬೇಕು. ರಜೆಯೂ ಸಿಗಬೇಕು. ಮಗಳು ಬಂದಾಗ, ಅಥವಾ ಸಂಜೆ ನಾನು ಮಿಷನ್ ಹಾಕಿಕೊಂಡಾಗ, ರಾಗಿಯ ಕುತ್ತಿಗೆಯ ಹಳದಿ ಕರ್ಚೀಫ್ ಬಿಚ್ಚಿಡುತ್ತೇನೆ. ಆಗ ಬೆಲ್ ಆದರೂ ಅವಳನ್ನು ನೋಡುವುದಿಲ್ಲ, ನಾನೇ ಏಳುತ್ತೇನೆ. ಕರ್ಚೀಫ್ ಬಿಚ್ಚಿದ ತಕ್ಷಣ ಮೈ ಕೊಡವಿಕೊಂಡು ಹಿತ್ತಲಿಗೆ ಹೋಗಿ ಪೇರಲೆ ಮರದ ಕೆಳಗೆ ಮಣ್ಣು ತೋಡಿ ಮಲಗುತ್ತಾಳೆ. ಉಗುರು ಕತ್ತರಿಸುವಾಗ ಅವಳು ಗಲ್ಲವನ್ನು ಮಡಿಸಿದ ಟವೆಲಿನ ಮೇಲೆ ಇಟ್ಟರೆ ಮಾತ್ರ ಕತ್ತರಿಸುವುದು, ಎತ್ತಿದರೆ ನಿಲ್ಲಿಸುವುದು ಅನ್ನುವ ಪಾಠವೂ ಆಗಿದೆ. ನಾಯಿ ಡಾಕ್ಟರ ಹತ್ತಿರ ಇಂಜೆಕ್ಷನ್ ಹಾಕಿಸುವಾಗ ಈಗ ಬಾಯಿಗೆ ಬಟ್ಟೆ ಕಟ್ಟುವ ಗೋಜಿಲ್ಲ.

ಈಗ ಮನೆಯ ಸ್ಥಿತಿ ಹೀಗಿದೆ. ಬೆಲ್ಲಿಗೆ ಹತ್ತರಲ್ಲಿ ಒಂಬತ್ತು ಸಲ ಬಂದು ಕರೆಯುತ್ತಾಳೆ. ಫೋನಿಗೆ ಹಗಲಲ್ಲಿ ಬರುತ್ತಾಳೆ, ರಾತ್ರಿ ಅವಳೂ ಗಾಢ ನಿದ್ದೆಯಲ್ಲಿರುತ್ತಾಳೆ. ಕುಕ್ಕರ್ ವಿಷಯಕ್ಕೆ ಬಂದರೆ ನಾವು ಕಲಿಸದ ಒಂದು ಸಂಗತಿ ನಡೆಯಿತು. ಮೊದಲ ಕೂಗಿಗೆ ಒಂದು ಸಲ ಬಂದು ಹೇಳಿದರೆ ಸಾಕು ಅಂತ ಇದ್ದೆವು. ಅವಳು ಪ್ರತಿ ಕೂಗಿಗೂ ಬರುತ್ತಾಳೆ. ಒಂದು ಸಲ ಮೂಗು ತಾಗಿಸಿ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಾಳೆ, ಮತ್ತೆ ಕೂಗಿದರೆ ಮತ್ತೆ ಬರುತ್ತಾಳೆ. ಅನ್ನಕ್ಕೆ ಎರಡು, ಬೇಳೆಗೆ ನಾಲ್ಕು. ನಾನು ಮೊಣಕಾಲಿನಲ್ಲೇ ಲೆಕ್ಕ ಇಟ್ಟುಕೊಂಡು ಗ್ಯಾಸ್ ಆರಿಸಲು ಏಳುತ್ತೇನೆ.

ತರಬೇತುದಾರರ ಮುಂದಿನ ಭೇಟಿ ಯುಗಾದಿ ಕಳೆದ ಮೇಲೆ. ಅಷ್ಟರೊಳಗೆ ಹೊಗೆ ಅಲಾರಮಿನ ಸದ್ದಿಗೆ ಹಾಲಿನಲ್ಲಿ, ಮಲಗುವ ಕೋಣೆಯಲ್ಲಿ ಮಾತ್ರ ಅಭ್ಯಾಸ ಮಾಡಿಸಿ, ಅಡುಗೆಮನೆಯ ಹತ್ತಿರ ಬೇಡ ಅಂದಿದ್ದಾರೆ. ಆ ಪಾಠ ಗಟ್ಟಿಯಾದರೆ ಇಲ್ಲೇ ಬರೆದು ಸೇರಿಸುತ್ತೇನೆ.